ಬೆಂಕಿ ಹಾಕಬಲ್ಲ ಕೈಗಳು

ಇಂಗ್ಲೆಂಡಿನ ಹಾವರ್ತ್ ಊರಿನ ಉಗಿ ಎಂಜಿನ್ನುಗಳ ಶೆಡ್ಡಿನಲ್ಲಿ ಸ್ವಯಂಸೇವಕನಾಗಿ ನನ್ನ ಸರದಿ ಇರುವ ದಿನ ಬೆಳಗಿನ ಐದು ಗಂಟೆಗೆ ಅಲ್ಲಿರಬೇಕು. ಹಿಂದಿನ ಸಂಜೆ ಹಾಕಿದ ಸಣ್ಣ ಬೆಂಕಿಯಿಂದ ಬಾಯ್ಲರು ರಾತ್ರಿಯಿಡೀ ನಿಧಾನವಾಗಿ ಬೆಚ್ಚಗಾಗಿರುತ್ತದೆ. ಎಂಜಿನ್ನಿನ ಮೇಲೆ ಹತ್ತಿದೊಡನೆ ನೋಡುವುದು ಬೆಂಕಿಯನ್ನಲ್ಲ, ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸನ್ನು. ಆ ಗಾಜಿನ ಕೊಳವೆಯಲ್ಲಿ ನೀರು ಕಾಣಿಸಬೇಕು, ಕೆಳಗಿನ ನಲ್ಲಿಯನ್ನು ತೆರೆದಾಗ ಇಳಿಯಬೇಕು, ಮುಚ್ಚಿದಾಗ ಮತ್ತೆ ಏರಬೇಕು. ಇಷ್ಟು ಖಾತ್ರಿಯಾದ ಮೇಲೆಯೇ ಸಲಿಕೆಗೆ ಕೈ. ನಾನಿನ್ನೂ ಕ್ಲೀನರ್ ದರ್ಜೆಯವನು. ಚಕ್ರಗಳ ಕಡ್ಡಿಗಳನ್ನೂ ಚಕ್ರದಿಂದ ಚಕ್ರಕ್ಕೆ ಸೇರಿಸುವ ಜೋಡುದಂಡಗಳನ್ನೂ ಎಣ್ಣೆಬಟ್ಟೆಯಿಂದ ಒರೆಸುವುದು ನನ್ನ ಪಾಲಿನ ಕೆಲಸ. ಒರೆಸುತ್ತ ಒರೆಸುತ್ತಲೇ ಎಲ್ಲಿ ಬಿರುಕಿದೆ, ಯಾವ ಪಿನ್ನು ಸಡಿಲವಾಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ ಎಂಬ ಕಾರಣಕ್ಕೇ ಈ ಕೆಲಸವನ್ನು ಹೊಸಬರಿಗೆ ಕೊಡುತ್ತಾರೆ. ಕ್ಲೀನರ್ ಆದವನು ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಲು, ಫೈರ್‌ಮನ್ ಆದವನು ಡ್ರೈವರ್ ಆಗಲು ವರ್ಷಗಳು ಬೇಕು, ಪರೀಕ್ಷೆಗಳು ಬೇಕು. ಶೆಡ್ಡಿನಲ್ಲಿ ನನ್ನ ಜೊತೆಗಿರುವ ಬಹುತೇಕರಿಗೆ ಇದಕ್ಕೆ ಸಂಬಳವಿಲ್ಲ.

ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಕೀತ್‌ಲಿಯಿಂದ ಹಾವರ್ತ್ ದಾಟಿ ಆಕ್ಸನ್‌ಹೋಪ್‌ವರೆಗೆ ಐದೇ ಮೈಲಿ ಉದ್ದದ, ಆರು ನಿಲ್ದಾಣಗಳ ಮಾರ್ಗವಿದು. 1960ರ ದಶಕದ ಆರಂಭದಲ್ಲಿ ಸರ್ಕಾರಿ ರೈಲ್ವೆ ಇದನ್ನು ಮುಚ್ಚಿತು. ಸುತ್ತಮುತ್ತಲಿನವರು ಸಂಘ ಕಟ್ಟಿಕೊಂಡು, ಮಾರ್ಗವನ್ನು ತಾವೇ ಕೊಂಡು, 1968ರ ಜೂನಿನಲ್ಲಿ ಮತ್ತೆ ರೈಲು ಓಡಿಸಿದರು. ಅದೇ ವರ್ಷದ ಆಗಸ್ಟ್ 11ರಂದು ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ನಿನ ಕೊನೆಯ ಪ್ರಯಾಣಿಕ ರೈಲು ಓಡಿತೆಂಬುದನ್ನು ನೆನೆದರೆ, ಇವರು ಎಷ್ಟು ಸರಿಯಾದ ಗಳಿಗೆಯಲ್ಲಿ ಕೈ ಹಾಕಿದರೆಂಬುದು ತಿಳಿಯುತ್ತದೆ: ಕೆಲಸ ಕಳೆದುಕೊಂಡ ಡ್ರೈವರುಗಳೂ ಫಿಟ್ಟರುಗಳೂ ಇನ್ನೂ ಊರಿನಲ್ಲೇ ಇದ್ದರು, ಅವರ ಕೈಯ ವಿದ್ಯೆ ಇನ್ನೂ ಬಿಸಿಯಾಗಿತ್ತು. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಈ ಒಂದು ಸಂಗತಿಯನ್ನೇ. ಉಗಿಬಂಡಿಯನ್ನು ಉಳಿಸುವುದೆಂದರೆ ಕಬ್ಬಿಣಕ್ಕೆ ಬಣ್ಣ ಹಚ್ಚಿಡುವುದಕ್ಕಿಂತ ಮೊದಲು ಅದಕ್ಕೆ ಬೆಂಕಿ ಹಾಕಬಲ್ಲವರನ್ನು ಉಳಿಸಿಕೊಳ್ಳುವುದು. ಈ ವಿಷಯದಲ್ಲಿ ಕರ್ನಾಟಕದ ನಾವು ಬಹಳ ತಡಮಾಡಿದ್ದೇವೆ, ಆದರೆ ಕಾಲ ಪೂರ್ತಿ ಮೀರಿಲ್ಲ.

ನಾನು ವಾಸವಾಗಿರುವ ಲೀಡ್ಸ್ ನಗರಕ್ಕೂ ನಮ್ಮ ದೇಶದ ಉಗಿಬಂಡಿಗಳಿಗೂ ಹಳೆಯ ನಂಟು. 1998ರಲ್ಲಿ ಜಗತ್ತಿನಲ್ಲೇ ಓಡುತ್ತಿರುವ ಅತಿ ಹಳೆಯ ಉಗಿ ಎಂಜಿನ್ ಎಂದು ಗಿನ್ನೆಸ್ ದಾಖಲೆಗೆ ಸೇರಿದ ‘ಫೇರಿ ಕ್ವೀನ್’ 1855ರಲ್ಲಿ ತಯಾರಾದದ್ದು ಇಲ್ಲಿಯ ಕಿಟ್ಸನ್ ಕಾರ್ಖಾನೆಯಲ್ಲಿ. 1997ರಿಂದ ಅದು ದೆಹಲಿಯಿಂದ ಆಲ್ವಾರಿಗೆ ಪ್ರವಾಸಿಗಳನ್ನು ಎಳೆಯತೊಡಗಿದಾಗ ಇಲ್ಲಿಯ ರೈಲುಪ್ರಿಯರು ಅದನ್ನು ನೋಡಲೆಂದೇ ವಿಮಾನ ಹತ್ತಿದ್ದುಂಟು. ಲೀಡ್ಸ್‌ನದೇ ಮಿಡಲ್‌ಟನ್ ರೈಲ್ವೆಯಲ್ಲಿ 1812ರಷ್ಟು ಹಿಂದೆಯೇ ಹಲ್ಲುಹಳಿಯ ಮೇಲೆ ಕಲ್ಲಿದ್ದಲನ್ನು ಎಳೆಯುವ ಉಗಿ ಎಂಜಿನ್ ಓಡಿತ್ತು. ನಮ್ಮ ಊಟಿ ರೈಲು ಹಲ್ಲುಹಳಿಯನ್ನು ಕಚ್ಚಿಕೊಂಡು ಬೆಟ್ಟ ಹತ್ತುವುದನ್ನು ಕಂಡವರಿಗೆ ಇದು ಯಾವ ವಂಶದ ವಿದ್ಯೆಯೆಂದು ವಿವರಿಸಬೇಕಾಗಿಲ್ಲ. ಆ ಮಿಡಲ್‌ಟನ್ ಮಾರ್ಗ ಮುಚ್ಚುವ ಸ್ಥಿತಿಗೆ ಬಂದಾಗ 1960ರಲ್ಲಿ ಅದನ್ನು ವಹಿಸಿಕೊಂಡು ಓಡಿಸಿದವರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮುಂದಿದ್ದರು. ಇದಕ್ಕೂ ಮೊದಲೇ, 1951ರಲ್ಲಿ, ವೇಲ್ಸ್‌ನ ಟಲಿಲಿನ್ ಎಂಬ ಸಣ್ಣ ಗೇಜಿನ, ಎಂದರೆ ಹಳಿಗಳ ನಡುವಿನ ಅಂತರ ಕಡಿಮೆಯಿರುವ, ಮಾರ್ಗವನ್ನು ಸ್ವಯಂಸೇವಕರು ಕೈಗೆತ್ತಿಕೊಂಡಿದ್ದರು. ಜಗತ್ತಿನಲ್ಲಿ ಹೀಗೆ ಉಳಿದ ಮೊದಲ ರೈಲು ಮಾರ್ಗ ಅದು.

ನನ್ನ ಸೋದರಮಾವ ಅರಸೀಕೆರೆ ಶೆಡ್ಡಿನಲ್ಲಿ ಫೈರ್‌ಮನ್ ಆಗಿದ್ದವರು. ಮೀಟರ್ ಗೇಜಿನ ವೈಪಿ ದರ್ಜೆಯ ಉಗಿ ಎಂಜಿನ್ನುಗಳ ಮೇಲೆ ಅರಸೀಕೆರೆ, ಹಾಸನ, ಮೈಸೂರು ಎಂದು ಓಡಾಡಿ, ಕೊನೆಗೆ ಡೀಸೆಲ್ ಎಂಜಿನ್ನಿನ ಸಹಾಯಕರಾಗಿ ನಿವೃತ್ತರಾದರು. 2009ರಲ್ಲಿ ಅವರು ನಮ್ಮ ಮನೆಗೆ ಬಂದಿದ್ದಾಗ ಹಾವರ್ತ್‌ಗೆ ಕರೆದುಕೊಂಡು ಹೋಗಿದ್ದೆ. ಆಗ ನಾನಿನ್ನೂ ಬರಿಯ ಪ್ರೇಕ್ಷಕ. ಇವರು ಫೈರ್‌ಮನ್ ಆಗಿದ್ದವರು ಎಂದು ಹೇಳಿದ್ದೇ ತಡ, ಅಂಗಳದಲ್ಲಿ ನಿಂತಿದ್ದ ಎಂಜಿನ್ನಿನ ಮೇಲಕ್ಕೆ ಅವರನ್ನು ಹತ್ತಿಸಿದರು. ಮಾವ ಬೆಂಕಿಬಾಗಿಲು ತೆರೆದು ಒಳಗೆ ಇಣುಕಿದರು, ಸಲಿಕೆಯನ್ನು ಕೈಯಲ್ಲಿ ತೂಗಿ ನೋಡಿದರು, ಆಮೇಲೆ ಕಲ್ಲಿದ್ದಲಿನ ಒಂದು ಗಟ್ಟಿ ಉಂಡೆಯನ್ನು ಎತ್ತಿಕೊಂಡು ನನ್ನ ಕಡೆ ತಿರುಗಿ, “ಇಂಥಾ ಕಲ್ಲಿದ್ದಲು ಸಿಕ್ಕಿದ್ರೆ ಯಾವನು ಬೇಕಾದ್ರೂ ಸ್ಟೀಮ್ ಮಾಡ್ತಾನೆ ಕಣೋ. ನಮಗೆ ಸಿಂಗರೇಣಿ ಗಣಿಯ ಪುಡಿ ಬರ್ತಿತ್ತು. ನೀರು ಚಿಮುಕಿಸಿ, ಒದ್ದೆ ಮಾಡಿ, ಬೆಂಕಿಯ ಹಿಂದಿನ ಮೂಲೆಗೆ ತೆಳ್ಳಗೆ ಹಾಸಬೇಕಿತ್ತು, ಇಲ್ಲದಿದ್ರೆ ಅರ್ಧ ಚಿಮಣಿಯಲ್ಲೇ ಹಾರಿಹೋಗ್ತಿತ್ತು” ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅಲ್ಲಿಯ ಹಿರಿಯ ಡ್ರೈವರೊಬ್ಬರು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಎಷ್ಟು ನೀರು, ಎಷ್ಟು ಹೊತ್ತು ಮೊದಲು, ಏರಿನಲ್ಲಿ ಹೇಗೆ, ಇಳಿಜಾರಿನಲ್ಲಿ ಹೇಗೆ ಎಂದು ಅರ್ಧ ಗಂಟೆ ಕೇಳಿದರು. ನಾನು ಸ್ವಯಂಸೇವಕನಾಗಿ ಸೇರಲು ಕಾರಣ ಆ ಅರ್ಧ ಗಂಟೆ.

ಮರುವರ್ಷ ಊರಿಗೆ ಹೋದಾಗ ನಮ್ಮ ಕಡೆಯ ಒಂದು ಊರಿನಲ್ಲಿ ಕಟ್ಟೆಯ ಮೇಲೆ ನಿಲ್ಲಿಸಿದ್ದ ಎಂಜಿನ್ನನ್ನು ನಾವಿಬ್ಬರೂ ನೋಡಲು ಹೋದೆವು. ಜೋಡುದಂಡಗಳಿಗೆಲ್ಲ ದಪ್ಪನೆಯ ಬೆಳ್ಳಿಬಣ್ಣ ಬಳಿದಿದ್ದರು, ಬೆಂಕಿಬಾಗಿಲನ್ನು ಬೆಸುಗೆ ಹಾಕಿ ಮುಚ್ಚಿದ್ದರು, ಗೇಜ್ ಗ್ಲಾಸು ಇರಬೇಕಾದ ಜಾಗದಲ್ಲಿ ಎರಡು ತೂತುಗಳಿದ್ದವು. ಮುಂದಿನ ಫಲಕದಲ್ಲಿ ತಯಾರಾದ ವರ್ಷ, ತೂಕ, ಸೇವೆಯಿಂದ ಬಿಟ್ಟ ವರ್ಷ ಎಲ್ಲವೂ ಇದ್ದವು. ಅದನ್ನು ಓಡಿಸಿದ ಒಬ್ಬನ ಹೆಸರೂ ಇರಲಿಲ್ಲ. ಬೇಲಿಯೊಳಗೆ ಹೋಗಲು ಮಾವ ಕೇಳಿಕೊಂಡಾಗ ಕಾವಲಿನವರು ಒಪ್ಪಲಿಲ್ಲ. ಅವರಿಗಿದ್ದ ಅಪ್ಪಣೆ ಹಾಗಿತ್ತು, ಅವರನ್ನು ದೂರುವುದು ತರವಲ್ಲ. ಆದರೆ ಅಂಥ ಅಪ್ಪಣೆಯನ್ನು ಬರೆದ ಮನಸ್ಸಿಗೆ ನಿವೃತ್ತ ಫೈರ್‌ಮನ್ ಒಬ್ಬರು ಬೇಲಿಯ ಹೊರಗೆ ನಿಂತಿರಬಹುದೆಂಬ ಊಹೆಯೇ ಬಂದಿರಲಿಲ್ಲ ಎಂಬುದು ನನಗೆ ಇವತ್ತಿಗೂ ನೋವಿನ ವಿಷಯ.

ಇಂಗ್ಲೆಂಡಿನಲ್ಲಿ ಎಲ್ಲವೂ ಸರಿ, ಭಾರತದಲ್ಲಿ ಎಲ್ಲವೂ ತಪ್ಪು ಎಂದು ಹೇಳಲು ನಾನು ಹೊರಟಿಲ್ಲ. ಮೈಸೂರಿನಿಂದ ಕೆಲವೇ ಗಂಟೆಗಳ ದಾರಿಯಲ್ಲಿರುವ ನೀಲಗಿರಿ ರೈಲನ್ನು ನೋಡಿ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ತಲುಪಿದ ಈ 46 ಕಿಲೋಮೀಟರ್ ಮಾರ್ಗವನ್ನು 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಾರಿನಿಂದ ಕೂನೂರಿಗೆ ಹನ್ನೆರಡು ಅಡಿಗೆ ಒಂದು ಅಡಿಯಂತೆ ಏರುವ ಕಡೆ ಎಂಜಿನ್ ಮುಂದಿನಿಂದ ಎಳೆಯುವುದಿಲ್ಲ, ಕೆಳಗಿನಿಂದ ತಳ್ಳುತ್ತದೆ. ಪ್ರತಿ ಡಬ್ಬಿಯಲ್ಲೂ ಬ್ರೇಕ್ಸ್‌ಮನ್ ಒಬ್ಬರು ಬಾವುಟ ಹಿಡಿದು ನಿಂತಿರುತ್ತಾರೆ. ಸ್ವಿಟ್ಜರ್‌ಲೆಂಡಿನಿಂದ ಬಂದಿದ್ದ ಎಕ್ಸ್ ದರ್ಜೆಯ ಎಂಜಿನ್ನುಗಳಿಗೆ ವಯಸ್ಸಾದಾಗ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದಲ್ಲಿ ಅದೇ ಮಾದರಿಯ ಹೊಸವನ್ನು ಕಟ್ಟಿದರು. ಬ್ರಿಟನ್ನಿನಲ್ಲಿ ‘ಟೊರ್ನೇಡೊ’ ಎಂಬ ಒಂದೇ ಒಂದು ಹೊಸ ಮುಖ್ಯಮಾರ್ಗದ ಎಂಜಿನ್ನನ್ನು ಕಟ್ಟಿ ಮುಗಿಸಲು ಅಭಿಮಾನಿಗಳು ದೇಣಿಗೆ ಕೂಡಿಸುತ್ತ 2008ರವರೆಗೆ ಶ್ರಮಿಸಿದರೆಂಬುದನ್ನು ಬಲ್ಲವರು ಗೋಲ್ಡನ್ ರಾಕ್‌ನ ಕೆಲಸಗಾರರನ್ನು ಎದ್ದು ನಿಂತು ಗೌರವಿಸುತ್ತಾರೆ. ನೀಲಗಿರಿಯಲ್ಲಿ ಪ್ರತಿ ಮಳೆಗಾಲ ಗುಡ್ಡ ಜಾರಿ ಹಳಿ ಮುಚ್ಚಿದರೂ ಮತ್ತೆ ತೆರವು ಮಾಡಿ ಓಡಿಸುತ್ತಾರೆ. ಇಲ್ಲಿ ವಿದ್ಯೆ ಕೈಯಿಂದ ಕೈಗೆ ದಾಟಿದೆ, ಏಕೆಂದರೆ ಕೆಲಸ ನಿಲ್ಲಲೇ ಇಲ್ಲ. ಕರ್ನಾಟಕದಲ್ಲಿ ಮೀಟರ್ ಗೇಜ್ ಹಳಿ ಅಗಲವಾದ ಹಾಗೆ ಅದು ನಿಂತುಹೋಯಿತು.

ಹಳಿಯಂಚಿನ ಛಾಯಾಗ್ರಹಣದ ವಿಚಾರಕ್ಕೂ ಇದೇ ಮಾತು ಬೇರೆ ರೀತಿಯಲ್ಲಿ ಅನ್ವಯಿಸುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಮಾರ್ಗ 57 ಸುರಂಗಗಳದು. ಗೇಜ್ ಬದಲಾವಣೆಗಾಗಿ 1996ರಿಂದ ರೈಲು ನಿಂತಿದ್ದ ವರ್ಷಗಳಲ್ಲಿ ಬೆಂಗಳೂರಿನ ಯುವಕರಿಗೆ ಅದು ಚಾರಣದ ದಾರಿಯಾಯಿತು, ರೈಲು ಮರಳಿ ಬಂದ ಮೇಲೂ ಆ ರೂಢಿ ಪೂರ್ತಿ ಹೋಗಲಿಲ್ಲ. 1989ರ ರೈಲ್ವೆ ಕಾಯಿದೆಯ 147ನೇ ಸೆಕ್ಷನ್ನಿನ ಪ್ರಕಾರ ಹಳಿಯ ಮೇಲೆ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ. ಸುರಂಗದೊಳಗೆ ಸಿಕ್ಕಿಕೊಂಡವನಿಗೆ ಸರಿದು ನಿಲ್ಲಲು ಎಲ್ಲ ಕಡೆಯೂ ಜಾಗವಿರುವುದಿಲ್ಲ. ಆದ್ದರಿಂದ ಈ ನಿಷೇಧ ಸರಿಯಾದದ್ದೆಂದೇ ನಾನು ನಂಬುತ್ತೇನೆ. ಇಂಗ್ಲೆಂಡಿನವರು ಈ ವಿಷಯದಲ್ಲಿ ನಮಗಿಂತ ಸಾಧುಗಳೇನಲ್ಲ. 2016ರ ಫೆಬ್ರವರಿಯಲ್ಲಿ ದುರಸ್ತಿಯಾದ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಬ ಹೆಸರಾಂತ ಉಗಿ ಎಂಜಿನ್ ಲಂಡನ್ನಿನಿಂದ ಯಾರ್ಕಿಗೆ ಹೊರಟಾಗ ಚಿತ್ರ ತೆಗೆಯಲು ಹಳಿಯ ಮೇಲೆ ನುಗ್ಗಿದ ಜನರ ದೆಸೆಯಿಂದ ಅದು ದಾರಿಯಲ್ಲಿ ನಿಲ್ಲಬೇಕಾಯಿತು.

ಆದರೆ ಪರಂಪರೆಯ ಮಾರ್ಗಗಳಲ್ಲಿ ಇವರು ಕಂಡುಕೊಂಡ ಒಂದು ಕ್ರಮವನ್ನು ನಾವು ಗಮನಿಸಬೇಕು. ಕೆಲವು ಮಾರ್ಗಗಳು ಸದಸ್ಯರಿಗೆ ಸುರಕ್ಷತೆಯ ತರಬೇತಿ ಕೊಟ್ಟು, ಹಳಿಯಂಚಿನಲ್ಲಿ ನಿಲ್ಲುವ ಪರವಾನಗಿ ಪತ್ರ ನೀಡುತ್ತವೆ. ಹೊಳೆಯುವ ಕಿತ್ತಳೆ ಅಂಗಿ ತೊಡಬೇಕು, ಡ್ರೈವರಿಗೆ ಕೈಯೆತ್ತಿ ತಾನು ಅವರನ್ನು ಕಂಡಿದ್ದೇನೆಂದು ತೋರಿಸಬೇಕು, ನಿಯಮ ಮೀರಿದರೆ ಪತ್ರ ಹೋಗುತ್ತದೆ. ಇನ್ನು ಕೆಲವು ದಿನ ಛಾಯಾಗ್ರಾಹಕರೇ ಹಣ ಹಾಕಿ ಒಂದು ರೈಲನ್ನು ಗೊತ್ತು ಮಾಡುತ್ತಾರೆ. ಅದು ಹಿಂದೆ ಸರಿದು, ಅವರೆಲ್ಲ ಸಾಲಾಗಿ ನಿಂತ ಮೇಲೆ ಅದೇ ತಿರುವಿನಲ್ಲಿ ಮತ್ತೆ ಮತ್ತೆ ಓಡಿ ಬರುತ್ತದೆ. ಛಾಯಾಗ್ರಾಹಕರಿಗೆ ಕಪ್ಪು ಹೊಗೆ ಇಷ್ಟ, ಫೈರ್‌ಮನ್‌ಗೆ ಅದು ಅವಮಾನ. ಸರಿಯಾಗಿ ಉರಿದ ಬೆಂಕಿಯಿಂದ ಕಪ್ಪು ಹೊಗೆ ಬರಬಾರದು. ಚಳಿಗಾಲದ ಬೆಳಗಿನಲ್ಲಿ ಉಗಿ ತಾನಾಗಿ ಬೆಳ್ಳಗೆ ಕಟ್ಟಿಕೊಳ್ಳುವುದರಿಂದ ಇಬ್ಬರಿಗೂ ಸಮಾಧಾನ. ನಮ್ಮ ದೇಶದಲ್ಲಿ ನಾನು ಒಂದು ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ಮೇಲೆಯೇ, ಟಿಕೆಟ್ ಹಿಡಿದು ನಿಂತು, ಹಳೆಯ ನೀರಿನ ಕಂಬದ ಚಿತ್ರ ತೆಗೆಯುತ್ತಿದ್ದಾಗ ಕ್ಯಾಮೆರಾ ಒಳಗಿಡಲು ಹೇಳಿದರು. ಬಯ್ಯಲಿಲ್ಲ, ಸೌಜನ್ಯದಿಂದಲೇ ಹೇಳಿದರು. ಆದರೆ ಯಾರನ್ನು ಕೇಳಿದರೆ ಅನುಮತಿ ಸಿಗುತ್ತದೆಂದು ವಿಚಾರಿಸಿದಾಗ ಅವರಿಗೂ ಗೊತ್ತಿರಲಿಲ್ಲ. ಕೇಳಿ ಪಡೆಯುವ ದಾರಿ ಇಲ್ಲದ ಕಡೆ ಕದ್ದು ನುಗ್ಗುವ ಚಟ ಬೆಳೆಯುತ್ತದೆ.

ಇಲ್ಲಿಯ ವ್ಯವಸ್ಥೆಗೂ ಈಗ ಕಷ್ಟಕಾಲ. 2015ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಕೊನೆಯ ಆಳದ ಕಲ್ಲಿದ್ದಲು ಗಣಿ, ನಮ್ಮ ಯಾರ್ಕ್‌ಶೈರಿನ ಕೆಲಿಂಗ್ಲಿ, ಮುಚ್ಚಿತು; 2023ರಲ್ಲಿ ವೇಲ್ಸ್‌ನ ಫೋಸ್-ಇ-ಫ್ರಾನ್ ತೆರೆದ ಗಣಿಯೂ ನಿಂತಿತು. ಹೊರದೇಶದ ಕಲ್ಲಿದ್ದಲಿಗೆ ಬೆಲೆ ಹೆಚ್ಚು. ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನು ಕಳಚಿ ದುರಸ್ತಿ ಮಾಡಿಸುವ ಖರ್ಚೂ ಸಣ್ಣದಲ್ಲ. ಶೆಡ್ಡಿನಲ್ಲಿ ನರೆತ ತಲೆಗಳೇ ಹೆಚ್ಚು.

ನಮ್ಮಲ್ಲಿ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ 1979ರಿಂದ ಇದೆ, ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದು ತೆರೆಯಿತು. ಶಂಕರ್ ನಾಗ್ ನಿರ್ದೇಶನದ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆದ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು ಉಳಿಸಿಕೊಂಡದ್ದನ್ನು ಕಂಡು ನಾನು ನಿಜಕ್ಕೂ ಸಂತೋಷಪಟ್ಟಿದ್ದೇನೆ. ಇವುಗಳ ಪಕ್ಕದಲ್ಲಿ ಎಲ್ಲಾದರೂ ಅರ್ಧ ಕಿಲೋಮೀಟರ್ ಮೀಟರ್ ಗೇಜ್ ಹಳಿ ಹಾಸಿ, ಒಂದೇ ಒಂದು ವೈಪಿ ಎಂಜಿನ್ನಿಗೆ ಮತ್ತೆ ಬೆಂಕಿ ಹಾಕುವುದು ಅಸಾಧ್ಯವಾದ ಕೆಲಸವಲ್ಲ. ಬಾಯ್ಲರ್ ಪರೀಕ್ಷೆಯೂ ಹೊಣೆಯೂ ರೈಲ್ವೆಯದಾಗಿರಲಿ. ಒರೆಸಲು, ಎಣ್ಣೆ ಹಾಕಲು, ನೋಡಲು ಬಂದವರಿಗೆ ವಿವರಿಸಲು ನೋಂದಾಯಿತ ನಾಗರಿಕ ಸಂಘವೊಂದಕ್ಕೆ ಅವಕಾಶವಿರಲಿ. ಐಟಿಐ ಓದಿದ ನಾಲ್ಕು ಹುಡುಗ ಹುಡುಗಿಯರನ್ನು ಕೂನೂರು ಶೆಡ್ಡಿಗೆ ಕಲಿಯಲು ಕಳುಹಿಸಲಿ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ, ಆದರೆ ನಿವೃತ್ತರ ನೆನಪುಗಳನ್ನು ದಾಖಲಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಅರಸೀಕೆರೆ, ಹುಬ್ಬಳ್ಳಿ, ಮೈಸೂರಿನ ರೈಲ್ವೆ ಬಡಾವಣೆಗಳ ಮನೆಗಳಲ್ಲಿ ಅವರು ಇನ್ನೂ ಇದ್ದಾರೆ, ಬಹಳ ಮಂದಿ ಈಗ ಎಪ್ಪತ್ತು ದಾಟಿದವರು.

ಈ ಡಿಸೆಂಬರಿನಲ್ಲಿ ಅರಸೀಕೆರೆಗೆ ಹೋಗುವಾಗ ಧ್ವನಿಮುದ್ರಣದ ಯಂತ್ರವನ್ನೂ ಹಾವರ್ತ್ ಶೆಡ್ಡಿನವರು ಬರೆದುಕೊಟ್ಟಿರುವ ಪ್ರಶ್ನೆಗಳ ಎರಡು ಹಾಳೆಗಳನ್ನೂ ಒಯ್ಯುತ್ತಿದ್ದೇನೆ. ಮಾವನ ಜೊತೆ ಅದೇ ಶೆಡ್ಡಿನಲ್ಲಿದ್ದ ಇನ್ನಿಬ್ಬರನ್ನು ಅವರು ಮನೆಗೆ ಕರೆಸುವುದಾಗಿ ಹೇಳಿದ್ದಾರೆ. ಮೊದಲ ಪ್ರಶ್ನೆ ಸಿಂಗರೇಣಿ ಪುಡಿಗೆ ಎಷ್ಟು ನೀರು ಹಾಕುತ್ತಿದ್ದರೆಂಬುದೇ. ಅಂದು ಜೇಬಿನ ಪುಸ್ತಕದಲ್ಲಿ ಬರೆದುಕೊಂಡಿದ್ದ ಆ ಡ್ರೈವರು ಅದನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳಬೇಕೆಂದಿದ್ದಾರೆ.