ವಿಜ್ಞಾನ ಬರೆಯೋದು ಬೇರೆ, ವಿಜ್ಞಾನದ ವರದಿ ಮಾಡೋದು ಬೇರೆ

ಬಿ.ಎಸ್ಸಿ ಮುಗಿಸಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ: "ವಿಜ್ಞಾನ ಪತ್ರಕರ್ತ ಆಗೋಕೆ ಯಾವ ಕೋರ್ಸ್ ಸೇರಲಿ?" ಕೋರ್ಸ್ ಆಮೇಲೆ. ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ.

ವಿಜ್ಞಾನವನ್ನು ತಿಳಿಯಾಗಿ ಬರೆಯುವುದು ಕನ್ನಡಕ್ಕೆ ಹೊಸದೇನಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಮಾಸಪತ್ರಿಕೆ ತಂದದ್ದು 1917ರಲ್ಲಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಓದಿಕೊಂಡು ದೊಡ್ಡವರಾದವರು ಸಾಕಷ್ಟು ಜನ. ನಮ್ಮ ಕಮ್ಮಟಗಳಲ್ಲಿ ಇವತ್ತಿಗೂ ಹೆಚ್ಚಾಗಿ ಹೇಳಿಕೊಡುವುದು ಅದೇ: ಕಷ್ಟದ್ದನ್ನು ಸುಲಭ ಮಾಡಿ, ಒಳ್ಳೆಯ ಹೋಲಿಕೆ ಹುಡುಕಿ, ಪದ ಟಂಕಿಸಿ. ಬೇಕಾದ್ದೇ. ಆದರೆ ವಿಜ್ಞಾನಿ ಹೇಳಿದ್ದು ಹೌದಾ ಅಂತ ಕೇಳುವ ವಿದ್ಯೆ ಇನ್ನೊಂದಿದೆ. ಅದರ ಪಾಠ ನಮ್ಮಲ್ಲಿ ತೀರಾ ಕಮ್ಮಿ.

ನಮ್ಮ ಬೆಂಗಳೂರಿನದ್ದೇ ಉದಾಹರಣೆ. 2018ರ ಜುಲೈನಲ್ಲಿ ಐಐಎಸ್‌ಸಿಯ ಇಬ್ಬರು ಸಂಶೋಧಕರು ಆರ್ಕೈವ್ ತಾಣದಲ್ಲಿ ಒಂದು ಪ್ರಿಪ್ರಿಂಟ್, ಅಂದರೆ ಬೇರೆ ತಜ್ಞರು ಇನ್ನೂ ಪರಿಶೀಲಿಸದ ಪ್ರಬಂಧ, ಹಾಕಿದರು. ಚಿನ್ನದೊಳಗೆ ಬೆಳ್ಳಿಯ ನ್ಯಾನೊಕಣ ಹುದುಗಿಸಿದ ವಸ್ತು 236 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ, ಸೂಪರ್‌ಕಂಡಕ್ಟರ್ ಆಗುತ್ತದೆ, ಅಂದರೆ ಒಂಚೂರೂ ತಡೆಯಿಲ್ಲದೆ ವಿದ್ಯುತ್ ಹರಿಸುತ್ತದೆ ಅನ್ನುವುದು ಅವರ ವಾದ. ಅಮೆರಿಕದ ಎಂಐಟಿಯಲ್ಲಿದ್ದ ಭೌತವಿಜ್ಞಾನಿ ಬ್ರಯಾನ್ ಸ್ಕಿನ್ನರ್ ಅದರ ಗ್ರಾಫ್ ಹಿಗ್ಗಿಸಿ ನೋಡಿದರು. ಬೇರೆ ಬೇರೆ ಕಾಂತಕ್ಷೇತ್ರದಲ್ಲಿ ಅಳೆದ ಎರಡು ಗೆರೆಗಳ ನಾಯ್ಸ್ (ಅಳತೆಯಲ್ಲಿ ತಾನಾಗಿ ಬರುವ ಸಣ್ಣ ಏರುಪೇರು) ಒಂದರ ಪಡಿಯಚ್ಚು ಇನ್ನೊಂದು, ಕೊಂಚ ಕೆಳಗಿಳಿಸಿ ಇಟ್ಟ ಹಾಗೆ! ಗೊತ್ತುಗುರಿಯಿಲ್ಲದೆ ಏರಿಳಿಯಬೇಕಾದದ್ದು ಎರಡು ಸಲ ಒಂದೇ ಥರ ಏರಿಳಿಯುವುದು ಹೇಗೆ? ಸಂಶೋಧಕರು 2019ರಲ್ಲಿ ಇನ್ನಷ್ಟು ವಿವರ ಸೇರಿಸಿ ಪರಿಷ್ಕೃತ ಆವೃತ್ತಿ ಹಾಕಿದರು, ಅದು ಮುಂದಿನ ಮಾತು. ಗ್ರಾಫ್ ಹಿಗ್ಗಿಸಿ ನೋಡುವುದಕ್ಕಂತೂ ಪಿಎಚ್‌.ಡಿ ಬೇಕಿರಲಿಲ್ಲ.

ಇನ್ನು ಲೆಕ್ಕ. ಫೈಜರ್ ಕಂಪನಿಯ ಕೋವಿಡ್ ಲಸಿಕೆ 95% ಪರಿಣಾಮಕಾರಿ ಅಂದಾಗ "ನೂರರಲ್ಲಿ ಐವರಿಗೆ ಸೋಂಕು ಖಚಿತ" ಅಂತ ಅರ್ಥ ಮಾಡಿಕೊಂಡವರಿದ್ದರು. ಪ್ರಯೋಗದಲ್ಲಿದ್ದವರು ಸುಮಾರು 43 ಸಾವಿರ, ಹೆಚ್ಚುಕಮ್ಮಿ ಸಮನಾದ ಎರಡು ಗುಂಪು. ಕಾಯಿಲೆ ಬಿದ್ದವರು 170. ಅವರಲ್ಲಿ 162 ಮಂದಿ ಲಸಿಕೆ ಪಡೆಯದ ಗುಂಪಿನವರು, 8 ಮಂದಿ ಪಡೆದವರು. 162ಕ್ಕೆ 8 ಅಂದರೆ ಸುಮಾರು 5%, ಉಳಿದ 95 ಇಳಿಕೆ. ಈ ಲೆಕ್ಕ ಕಾಗದದ ಮೇಲೆ ಮಾಡದೆ ಸುದ್ದಿ ಬರೆಯಬೇಡಿ. ಅನುವಾದದ ಭರದಲ್ಲಿ ಬಿಲಿಯನ್ ಕೋಟಿಯಾಗುವುದೂ ಉಂಟು. ಒಂದು ಬಿಲಿಯನ್ ಅಂದರೆ 100 ಕೋಟಿ, ಟ್ರಿಲಿಯನ್ ಅಂದರೆ ಲಕ್ಷ ಕೋಟಿ.

ಈಗ ಕೋರ್ಸ್. ಹೊರದೇಶದಲ್ಲಿ ಒಳ್ಳೆಯವಿವೆ. ಆದರೆ ಹೆಸರು ಸರಿಯಾಗಿ ಓದಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನದ್ದು ಸೈನ್ಸ್ ಕಮ್ಯುನಿಕೇಶನ್; ನ್ಯೂಯಾರ್ಕ್ ವಿಶ್ವವಿದ್ಯಾಲಯದ್ದು ವಿಜ್ಞಾನ, ಆರೋಗ್ಯ, ಪರಿಸರದ ರಿಪೋರ್ಟಿಂಗ್. ಎಂಐಟಿಯ ನೈಟ್ ಫೆಲೋಶಿಪ್ ಆಗಲೇ ಪತ್ರಕರ್ತರಾಗಿ ಪಳಗಿದವರಿಗೆ, ಹೊಸಬರು ಅರ್ಜಿ ಹಾಕಿ ಸಮಯ ಕಳೆಯಬೇಡಿ. ವಿದ್ಯಾರ್ಥಿವೇತನ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಹೋಗಿ. ಬ್ಯಾಂಕ್ ಸಾಲ ಮಾಡಿ ಹೋಗುವುದು, ಕನ್ನಡ ಪತ್ರಿಕೆಯ ಸಂಬಳ ನೆನೆದರೆ, ಬೇಡವೇ ಬೇಡ.

ಕಾಸು ಖರ್ಚಿಲ್ಲದ ದಾರಿಯೇ ಮೊದಲು ಹಿಡಿಯಿರಿ. ವಿಶ್ವ ವಿಜ್ಞಾನ ಪತ್ರಕರ್ತರ ಒಕ್ಕೂಟದ ಆನ್‌ಲೈನ್ ಪಾಠ ಉಚಿತ. 'ದಿ ಓಪನ್ ನೋಟ್‌ಬುಕ್' ತಾಣದಲ್ಲಿ ಸಂಪಾದಕರು ಒಪ್ಪಿದ ಪಿಚ್‌ಗಳ ಸಂಗ್ರಹವೇ ಇದೆ; ಪಿಚ್ ಅಂದರೆ ಇಂಥ ವರದಿ ಬರೆಯುತ್ತೇನೆ ಅಂತ ಸಂಪಾದಕರಿಗೆ ಕಳಿಸುವ ಪ್ರಸ್ತಾವ. ಪಿಚ್ ಬರೆಯೋದು ಕಲಿಯಲು ಅದಕ್ಕಿಂತ ಒಳ್ಳೆ ಮೇಷ್ಟ್ರು ಸಿಗೋದು ಕಷ್ಟ. ಬೆಂಗಳೂರಿನ ಇಂಡಿಯಾ ಬಯೋಸೈನ್ಸ್ ಕಾರ್ಯಾಗಾರಗಳ ಮೇಲೆ ಕಣ್ಣಿಡಿ. ಕನ್ನಡದ ಹದಕ್ಕೆ 'ರಿಸರ್ಚ್ ಮ್ಯಾಟರ್ಸ್' ತಾಣದ ಕನ್ನಡ ವರದಿ ಓದಿ, 'ಜಾಣಸುದ್ದಿ' ಪಾಡ್‌ಕಾಸ್ಟ್ ಕೇಳಿ. ಹಳೆಯ ಪಟ್ಟಿಗಳಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಪ್ರಚಾರ ಸಂಸ್ಥೆ ವಿಜ್ಞಾನ್ ಪ್ರಸಾರ್‌ನ ಹೆಸರು ಇನ್ನೂ ಇರುತ್ತದೆ, ಅದು 2023ರಲ್ಲೇ ಮುಚ್ಚಿತು.

ಜೊತೆಗೆ ವಾರಕ್ಕೊಂದು ಸಂಶೋಧನಾ ಪೇಪರ್ ಓದಿ. ಸಾರಾಂಶವನ್ನು ಕೊನೆಗೆ ಓದಿ. ಮೊದಲು ವಿಧಾನ, ಎಷ್ಟು ಮಂದಿಯ ಮೇಲೆ ಅಥವಾ ಎಷ್ಟು ಇಲಿಗಳ ಮೇಲೆ, ದುಡ್ಡು ಕೊಟ್ಟವರು ಯಾರು. ಆ ಪೇಪರ್‌ನಲ್ಲಿ ಹೆಸರಿಲ್ಲದ ಇಬ್ಬರು ತಜ್ಞರನ್ನು ಕೇಳಿ. ಬರೆದದ್ದನ್ನು ವಿಜ್ಞಾನಿಗೆ ಪೂರ್ತಿ ಕಳಿಸಬೇಡಿ, ಅವರ ಮಾತು ಮತ್ತು ಅಂಕಿಅಂಶ ಮಾತ್ರ ಸರಿಪಡಿಸಿಕೊಳ್ಳಿ. ಪತ್ರಕರ್ತರಿಗೆ ಪೇಪರ್ ಮೊದಲೇ ಕೊಟ್ಟು, ಇಂಥ ಹೊತ್ತಿನವರೆಗೆ ಸುದ್ದಿ ಮಾಡಬೇಡಿ ಅನ್ನುವ ಕಟ್ಟಳೆಯೇ ಎಂಬಾರ್ಗೊ. ಅದರಲ್ಲಿ ಎಡವುವುದು ಗಡಿಯಾರದಿಂದ. 'ನೇಚರ್' ಪತ್ರಿಕೆಯ ಗಡುವು ಬುಧವಾರ ಲಂಡನ್ ಸಮಯ ಸಂಜೆ 4. ಅಲ್ಲಿನ ಬೇಸಿಗೆಯಲ್ಲಿ ನಮಗೆ ಅದು ರಾತ್ರಿ 8:30; ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ 9:30. ಇದು ಮರೆತರೆ ಒಂದು ಗಂಟೆ ಮೊದಲೇ ಸುದ್ದಿ ಹೊರಬಿದ್ದು, ಮುಂದೆ ಪೇಪರ್ ಸಿಗದ ಹಾಗಾಗುತ್ತದೆ.

ಮೊದಲ ವರದಿಗೆ ಹಿಗ್ಸ್ ಬೋಸಾನ್ ಬೇಡ, ನಿಮ್ಮೂರ ಕೆರೆ ಸಾಕು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಕೆರೆ ಯಾಕೆ ಹಾಳಾಯಿತು" ಅಂತ ಕೇಳಿದರೆ ಅರ್ಜಿ ವಾಪಸ್, ಯಾಕಂದ್ರೆ ಅವರು ಕೊಡಬೇಕಾದ್ದು ದಾಖಲೆ, ವಿವರಣೆಯಲ್ಲ. ಕಳೆದ 12 ತಿಂಗಳಲ್ಲಿ ಯಾವ ತಾರೀಖು, ಕೆರೆಯ ಯಾವ ಜಾಗದಿಂದ ನೀರಿನ ಮಾದರಿ ತೆಗೆದಿರಿ, ಬಿಒಡಿ (ನೀರಿನ ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಎಷ್ಟು ಬಂತು, ಲ್ಯಾಬ್ ವರದಿಯ ಪ್ರತಿ ಕೊಡಿ. ಇಷ್ಟೇ ಬರೆಯಿರಿ.