ಸತ್ಯಾಂಶ: ಪ್ರತಿ ಬೆಂಡಿಗೂ ದಪ್ಪದ ಎರಡರಷ್ಟು ಕಳೆದರೆ ಸಾಕೇ?

ಲೋಹದ ಶೀಟು ಬಗ್ಗಿಸುವಾಗ ಹೊರ ಅಳತೆಗಳ ಮೊತ್ತದಲ್ಲಿ ಪ್ರತಿ ಬೆಂಡಿಗೆ (ಬಗ್ಗಿಸಿದ ಮೂಲೆಗೆ) ಶೀಟಿನ ದಪ್ಪದ ಎರಡರಷ್ಟು ಕಳೆದರೆ ಕಟಿಂಗ್ ಅಳತೆ, ಅಂದರೆ ಬಗ್ಗಿಸುವ ಮೊದಲು ಕತ್ತರಿಸಬೇಕಾದ ಉದ್ದ, ಸಿಗುತ್ತದೆ ಎಂಬ ಸಂದೇಶ ಫ್ಯಾಬ್ರಿಕೇಶನ್ ಗುಂಪುಗಳಲ್ಲಿ ಸುತ್ತುತ್ತಲೇ ಇದೆ. ಎಲ್ಲ ಕೆಲಸಕ್ಕೂ ಇದು ಹೊಂದುವುದಿಲ್ಲ. ಬೆಂಡಿನ ಒಳ ತ್ರಿಜ್ಯ (ಒಳಬದಿಯ ದುಂಡುತನ), ಕೋನ, ಲೋಹ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

2 ಮಿ.ಮೀ. ಶೀಟು, 90 ಡಿಗ್ರಿ, ಕೆ ಫ್ಯಾಕ್ಟರ್ (ಬಗ್ಗಿಸಿದಾಗ ಉದ್ದ ಬದಲಾಗದ ಪದರ ಒಳಮೈಯಿಂದ ದಪ್ಪದ ಎಷ್ಟು ಭಾಗದಲ್ಲಿದೆ ಎಂಬ ಅನುಪಾತ) 0.42 ಎಂದುಕೊಳ್ಳಿ. ಒಳ ತ್ರಿಜ್ಯ 2 ಮಿ.ಮೀ. ಇದ್ದರೆ ಕಳೆಯಬೇಕಾದದ್ದು ಸುಮಾರು 3.5 ಮಿ.ಮೀ.; ತ್ರಿಜ್ಯ 6 ಆದರೆ 5.3. ತ್ರಿಜ್ಯ 3ರ ಆಸುಪಾಸಿನಲ್ಲಿ ಮಾತ್ರ ದಪ್ಪದ ಎರಡರಷ್ಟು, ಅಂದರೆ 4 ಬರುತ್ತದೆ. ಹಾಗೆ ಬಗ್ಗಿಸುವವರಿಗೆ ಸೂತ್ರ ಸರಿಹೊಂದುವುದರಿಂದಲೇ ಅವರು ನಂಬಿಕೆಯಿಂದ ಹಂಚುತ್ತಾರೆ. ನಾಲ್ಕು ಬೆಂಡಿನ ಪೆಟ್ಟಿಗೆಯಲ್ಲಿ ತಪ್ಪು ಕೂಡುತ್ತಾ ಹೋದರೆ ಸ್ಕ್ರೂ ರಂಧ್ರಗಳೇ ಒಂದಕ್ಕೊಂದು ಕೂಡುವುದಿಲ್ಲ.

ನೀವೇ ಪರೀಕ್ಷಿಸಿ. ಅದೇ ಶೀಟಿನಿಂದ ನಿಖರವಾಗಿ 100 ಮಿ.ಮೀ. ಪಟ್ಟಿ ಕತ್ತರಿಸಿ, ಅದೇ ಡೈಯಲ್ಲಿ (ಬಗ್ಗಿಸುವ ಅಚ್ಚಿನಲ್ಲಿ) 90 ಡಿಗ್ರಿಗೆ ಬಗ್ಗಿಸಿ. ಎರಡೂ ಹೊರ ಅಳತೆಗಳನ್ನು ವರ್ನಿಯರಿನಲ್ಲಿ ಅಳೆದು ಕೂಡಿಸಿ, 100 ಕಳೆಯಿರಿ. ಉಳಿದದ್ದೇ ಆ ಬೆಂಡಿಗೆ ಕಳೆಯಬೇಕಾದ ಅಳತೆ.