ಅಧ್ಯಕ್ಷರ ಒತ್ತಕ್ಷರ

ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಒಂದು ವೆಬ್‌ಸೈಟ್ ಬೇಕು ಅಂತ ಸಭೆಯಲ್ಲಿ ತೀರ್ಮಾನವಾದಾಗ ಎಲ್ಲರೂ ನನ್ನ ಕಡೆ ನೋಡಿದರು. ಹಿಂದಿನ ವರ್ಷ ಗಣೇಶನ ಹಬ್ಬದ ಕರಪತ್ರ ಟೈಪ್ ಮಾಡಿಕೊಟ್ಟವನು ನಾನು ಅನ್ನುವುದೇ ಅರ್ಹತೆ. ಕನ್ನಡ ಟೈಪ್ ಮಾಡಲು ಬಂದವನಿಗೆ ಉಪಗ್ರಹ ಹಾರಿಸಲೂ ಬರುತ್ತದೆ ಅಂತ ನಂಬುವ ಜನ ನಮ್ಮವರು.

ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶ ಹಾಕಿ, ಪುಕ್ಕಟೆ ಥೀಮ್ (ಸೈಟಿಗೆ ತೊಡಿಸುವ ಸಿದ್ಧ ವಿನ್ಯಾಸ) ಒಂದನ್ನು ಆರಿಸಿದೆ. ಪುಕ್ಕಟೆ ಅಲ್ಲದ ಯಾವುದಕ್ಕೂ ನಮ್ಮ ಖಜಾಂಚಿ ಮೇಡಂ ಮಂಜೂರಾತಿ ಕೊಡುವುದಿಲ್ಲ. ಎಡಗಡೆ ಒಂದು ಸೈಡ್‌ಬಾರ್, ಅದರಲ್ಲಿ ಉದ್ದಕ್ಕೆ ಮೆನು. ನೀರು ಬರುವ ಸಮಯ, ಕಸದ ಗಾಡಿ, ದೂರು, ಸಮುದಾಯ ಭವನದ ಬುಕಿಂಗ್, ಕೊನೆಗೆ ಪದಾಧಿಕಾರಿಗಳು. ಜನಕ್ಕೆ ಏನು ಬೇಕೋ ಅದು ಮೇಲೆ ಇರಬೇಕು, ಅಲ್ವಾ?

ಅಲ್ಲವಂತೆ. ಪದಾಧಿಕಾರಿಗಳೆಲ್ಲ ಒಂದೇ ಸಾಲಿನಲ್ಲಿ, ಅದೂ ಕೆಳಗೆ, ಹೇಗೆ ಕೂರುತ್ತಾರೆ? ಒಬ್ಬೊಬ್ಬರಿಗೂ ಬೇರೆ ಬೇರೆ ಪುಟ, ಬೇರೆ ಬೇರೆ ಸಾಲು ಬೇಕಾಯಿತು. ಮದುವೆ ಕಾಗದದಲ್ಲಿ 'ತಮ್ಮ ಆಗಮನಾಭಿಲಾಷಿಗಳು' ಪಟ್ಟಿ ಮಾಡುವಾಗ ದೊಡ್ಡಪ್ಪ ಮೇಲೋ ಸೋದರಮಾವ ಮೇಲೋ ಅಂತ ಏಳುವ ಜಗಳ ನೋಡಿದ್ದೀರಲ್ಲ, ಸೈಡ್‌ಬಾರ್ ಅಂದರೆ ಅದೇ. ವ್ಯತ್ಯಾಸ ಒಂದೇ. ಕಾಗದ ಅಚ್ಚಾದ ಮೇಲೆ ಜಗಳ ನಿಲ್ಲುತ್ತದೆ. ಮೆನುವನ್ನು ಮಾತ್ರ ಮಧ್ಯರಾತ್ರಿಯಲ್ಲೂ ಬದಲಿಸಬಹುದು ಅಂತ ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು.

ಇದಕ್ಕೆಲ್ಲ 2010ರ ಜೂನ್‌ನಲ್ಲಿ ಬಂದ ವರ್ಡ್‌ಪ್ರೆಸ್ 3.0 ಕಾರಣ. ಅಲ್ಲಿಯವರೆಗೆ ಮೆನುವಿನ ಸಾಲು ಹಿಂದೆಮುಂದೆ ಮಾಡಬೇಕೆಂದರೆ ಬಹಳ ಸಲ ಥೀಮಿನ ಕೋಡ್‌ಗೇ ಕೈ ಹಾಕಬೇಕಿತ್ತು. ಆಮೇಲೆ ಮೌಸ್ ಅನ್ನುವ ಇಲಿ ಹಿಡಿದು ಎಳೆದರೆ ಆಯಿತು. ಕೋಡ್ ಮುಟ್ಟಬೇಕು ಅಂತ ಇದ್ದಾಗ ಅಧ್ಯಕ್ಷರುಗಳು ಎಷ್ಟು ವಿನಯವಾಗಿ ಮಾತಾಡುತ್ತಿದ್ದರೋ ಏನೋ.

ಅಂತೂ ಅಧ್ಯಕ್ಷರನ್ನು ಮೇಲೆ ಕೂರಿಸಿದೆ. ಅರ್ಧ ಗಂಟೆಯೊಳಗೆ ಫೋನ್.

"ಏನ್ರೀ ಇದು, ನನಗೆ ಕಾಲೇ ಇಲ್ವಲ್ರೀ!"

ತೆರೆದು ನೋಡಿದೆ. ಥೀಮ್ ಮಾಡಿದ ಪುಣ್ಯಾತ್ಮ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಒಂದೊಂದು ಸಾಲಿಗೂ ಅಳೆದು ಇಷ್ಟೇ ಎತ್ತರ ಅಂತ ಕೊಟ್ಟಿದ್ದ. ಅದರಾಚೆ ಇಣುಕಿದ್ದೆಲ್ಲ ಕತ್ತರಿಸು ಅಂತಲೂ ಬರೆದಿದ್ದ. ಇಂಗ್ಲಿಷಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರಕ್ಕೆ ಸಣ್ಣ ಬಾಲ ಇರುತ್ತದೆ, ಅಷ್ಟೇ. ನಮ್ಮದು ಹಾಗಲ್ಲ, ಕೆಳಗೆ ಇನ್ನೊಂದು ಮಹಡಿಯೇ ಇದೆ. ಒತ್ತಕ್ಷರಗಳೆಲ್ಲ ಕತ್ತರಿಗೆ ಸಿಕ್ಕಿ 'ಲೆಕ್ಕಪತ್ರ' ಹೋಗಿ 'ಲೆಕಪತ' ಆಗಿತ್ತು. 'ಹಬ್ಬಗಳು' ಹೋಗಿ 'ಹಬಗಳು'. ಅಧ್ಯಕ್ಷರು ಹೆಚ್ಚುಕಡಿಮೆ 'ಅಧಕರು' ಆಗಿ ನಿಂತಿದ್ದರು. ಉಪಾಧ್ಯಕ್ಷರಿಗೂ ಅದೇ ಗತಿ.

ಅದು ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. 'ಖಜಾಂಚಿ' ಪೂರ್ತಿ ಇತ್ತು, ಅದರಲ್ಲಿ ಒತ್ತೇ ಇಲ್ಲ. 'ಕಾರ್ಯದರ್ಶಿ'ಯೂ ಪೂರ್ತಿ ಇತ್ತು! ಅದರಲ್ಲಿ ಎರಡೆರಡು ಒತ್ತು ಇದೆ, ಆದರೆ ಎರಡೂ ಅರ್ಕಾವತ್ತು. ಅದು ಕೆಳಗೆ ನೇತಾಡುವುದಿಲ್ಲ, ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂರುತ್ತದೆ. ಕತ್ತರಿ ತಲೆಯಿಂದಲ್ಲ, ಕಾಲಿನಿಂದ ಬರುತ್ತದೆ ಅಂತ ಮೊದಲೇ ಗೊತ್ತಿದ್ದ ಹಾಗೆ. ಅಧ್ಯಕ್ಷರು ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಕೇಳಿದರು: "ನಿಜ ಹೇಳಿ, ಕಾರ್ಯದರ್ಶಿಗಳು ನಿಮ್ಮ ಮನೆಗೆ ಬಂದಿದ್ರಾ?"

ವಿಧಿಯಿಲ್ಲದೆ ಅವರಿಗೆ ಸಿಎಸ್‌ಎಸ್, ಅಂದರೆ ಪುಟ ಹೇಗೆ ಕಾಣಬೇಕು ಅಂತ ಹೇಳುವ ಕೋಡ್, ಅದರ ಪಾಠ ಮಾಡಿದೆ. 2016ರ ಡಿಸೆಂಬರ್‌ನಲ್ಲಿ ಬಂದ ವರ್ಡ್‌ಪ್ರೆಸ್ 4.7ರಿಂದ ಥೀಮಿನ ಫೈಲ್ ಮುಟ್ಟದೆಯೇ ನಮ್ಮ ಸಿಎಸ್‌ಎಸ್ ಬರೆಯಲು ಒಂದು ಖಾನೆ ಕೊಟ್ಟಿದ್ದಾರೆ. ಥೀಮ್ ಅಪ್‌ಡೇಟ್ ಆದರೂ ಅದು ಅಳಿಸಿಹೋಗುವುದಿಲ್ಲ. ಅಲ್ಲಿ ಎತ್ತರದ ಕಟ್ಟು ಬಿಚ್ಚಿ, ಲೈನ್-ಹೈಟ್ ಅನ್ನು, ಅಂದರೆ ಸಾಲಿನ ಎತ್ತರವನ್ನು, 1.8ಕ್ಕೆ ಏರಿಸಿದೆ. ಒತ್ತುಗಳೆಲ್ಲ ಕೆಳಗಿಳಿದು ಕಾಲು ಚಾಚಿಕೊಂಡವು. "ಆಯ್ತು ಸರ್, ನೋಡಿ" ಅಂದೆ. "ನಮ್ಮನೇಲಿ ಇನ್ನೂ ಹಾಗೇ ಇದೆ" ಅಂದರು. ಬ್ರೌಸರ್ ಹಳೆಯ ಪ್ರತಿಯನ್ನು ಇಟ್ಟುಕೊಂಡಿರುತ್ತದೆ, ಕಂಟ್ರೋಲ್ ಮತ್ತು ಎಫ್5 ಒಟ್ಟಿಗೆ ಒತ್ತಿ ಅಂದೆ. "ಅದನ್ನೂ ಕಾರ್ಯದರ್ಶಿಗಳೇ ಇಡ್ಸಿದ್ದಾ?" ಅಂತ ಕೇಳಲಿಲ್ಲ, ಆದರೆ ಕೇಳುವ ಮನಸ್ಸಿತ್ತು.

ಮುಂದಿನ ಸಭೆಯಲ್ಲಿ, ಪಾರದರ್ಶಕತೆ ಇರಲಿ ಅಂತ, ಎಲ್ಲ ಪದಾಧಿಕಾರಿಗಳಿಗೂ ಅಡ್ಮಿನ್ ಲಾಗಿನ್ ಕೊಡಬೇಕೆಂದು ಠರಾವು ಆಯಿತು. ಬೇಡ ಅಂತ ಹೇಳಿದೆ. ನನ್ನ ವಿರೋಧವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ ಲಾಗಿನ್ ಹಂಚಿದರು.

ಮೆನು ಜೋಡಿಸುವಾಗ ಒಂದು ಸಾಲನ್ನು ನೇರವಾಗಿ ಎಳೆದರೆ ಜಾಗ ಬದಲಾಗುತ್ತದೆ. ಚೂರು ಬಲಕ್ಕೆ ಸರಿದರೆ ಸಾಕು, ಮೇಲಿನ ಸಾಲಿನ ಹೊಟ್ಟೆಯೊಳಗೆ ಸೇರಿಕೊಂಡು ಉಪಮೆನು ಆಗುತ್ತದೆ. ಕಾರ್ಯದರ್ಶಿಗಳು ಒಂದು ಭಾನುವಾರ ಸುಮ್ನೆ ಎಳೆದು ನೋಡಿದರು. ಉಪಾಧ್ಯಕ್ಷರು 'ಸಮುದಾಯ ಭವನ'ದ ಒಳಗೆ ಹೋಗಿ ಕೂತರು. ಭವನದ ಮೇಲೆ ಇಲಿಯ ಬಾಣ ಇಟ್ಟರೆ ಮಾತ್ರ ಹೊರಗೆ ಬರುವುದು. ಫೋನಿನಲ್ಲಿ ಬಾಣವೇ ಇಲ್ಲವಾದ್ದರಿಂದ ಅವರು ಅಲ್ಲಿ ಕಾಣಲೇ ಇಲ್ಲ. ಅವರ ಮನೆಯವರೇ ಮೊದಲು ಗಮನಿಸಿದ್ದು.

ಫೋನಿನ ಕಥೆ ಬೇರೆಯೇ. ಅಲ್ಲಿ ಮೆನು ಮಡಚಿಕೊಂಡು ಮೂರು ಅಡ್ಡಗೆರೆ ಆಗುತ್ತದೆ. ನಾರ್ಮ್ ಕಾಕ್ಸ್ ಅನ್ನುವವರು 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರ್‌ಗಾಗಿ ಬರೆದ ಗೆರೆಗಳು ಅವು. ನಮ್ಮ ಎದುರುಮನೆ ಅಜ್ಜನಿಗೆ ಎಷ್ಟು ಹೇಳಿದರೂ ಅರ್ಥವಾಗದೆ, ಕೊನೆಗೆ ಅವರೇ "ಓ, ಆ ವಿಭೂತಿಯಾ?" ಅಂದರು. ಈಗ ಬಡಾವಣೆಯಲ್ಲಿ ಎಲ್ಲರೂ ವಿಭೂತಿ ಒತ್ತುತ್ತಾರೆ.

ಖಜಾಂಚಿ ಮೇಡಂಗೆ ಬೇರೆ ಸಂಶಯ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಭವನದ ಬುಕಿಂಗ್ ಪುಟದ ಲಿಂಕನ್ನು ವಾಟ್ಸಾಪ್‌ಗೆ ಹಾಕಿದರೆ ಸಾಲುಸಾಲು ಪರ್ಸೆಂಟ್ ಚಿಹ್ನೆ. ಕನ್ನಡದ ವಿಳಾಸವನ್ನು ನಕಲು ಮಾಡಿದಾಗ ಹಾಗಾಗುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಅಕ್ಷರಕ್ಕೆ 3 ಬೈಟ್ ಜಾಗ, ಒಂದೊಂದು ಬೈಟಿಗೂ ಒಂದು ಪರ್ಸೆಂಟ್ ಚಿಹ್ನೆ. ಕೊಂಬು, ದೀರ್ಘಕ್ಕೆಲ್ಲ ಲೆಕ್ಕ ಬೇರೆ. ಮೇಡಂ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಭವನದ ಬಾಡಿಗೆಯಲ್ಲಿ ಇಷ್ಟೊಂದು ಪರ್ಸೆಂಟ್ ಯಾರ್ಯಾರಿಗೆ ಹೋಗ್ತಿದೆ?"

ನವೆಂಬರ್ ಬಂತು. ಮೇಡಂ ಮಗ ಇಂಜಿನಿಯರಿಂಗ್ ಓದುವ ಹುಡುಗ. ಅಮ್ಮನ ಲಾಗಿನ್‌ನಲ್ಲಿ ಹೋಗಿ ರಾಜ್ಯೋತ್ಸವಕ್ಕೆ ಅಂತ ಹಳದಿ ಕೆಂಪು ಬಣ್ಣದ ಬೇರೆ ಥೀಮ್ ಏರಿಸಿಬಿಟ್ಟ. ನೋಡಲು ಚೆನ್ನಾಗೇ ಇತ್ತು. ಆದರೆ ಹೊಸ ಥೀಮಿನಲ್ಲಿ ಮೆನು ಕೂರುವ ಜಾಗಗಳ ಹೆಸರೇ ಬೇರೆ. ನಾವು ಕಷ್ಟಪಟ್ಟು ಜೋಡಿಸಿದ ಮೆನು ದಿಕ್ಕಿಲ್ಲದೆ ಹೊರಗೆ ನಿಂತಿತು. ಆ ಜಾಗಕ್ಕೆ ಮೆನು ಕೊಡದಿದ್ದಾಗ ವರ್ಡ್‌ಪ್ರೆಸ್ ತನ್ನ ಹತ್ತಿರ ಇರುವ ಪುಟಗಳನ್ನೆಲ್ಲ, ಪ್ರಕಟವಾದದ್ದು ಒಂದನ್ನೂ ಬಿಡದೆ, ಅಕಾರಾದಿಯಾಗಿ ಸಾಲು ನಿಲ್ಲಿಸುತ್ತದೆ. ಎಲ್ಲಕ್ಕಿಂತ ಮೇಲೆ ಬಂದದ್ದು 'ಅಅಅಅ' ಅನ್ನುವ ಪುಟ. ಅಧ್ಯಕ್ಷರು ಕನ್ನಡ ಟೈಪಿಂಗ್ ಅಭ್ಯಾಸ ಮಾಡಿದ್ದು ಅದು. ಒಳಗೆ 'ಆಆಆಆ' ಅಂತಲೂ ಇತ್ತು.

ಹಳೆಯ ಥೀಮನ್ನೇ ಮತ್ತೆ ಹಾಕಿದೆ. ಮೆನು, ವಿಜೆಟ್ ಅನ್ನುವ ಸೈಡ್‌ಬಾರಿನ ಚೌಕಗಳು, ನನ್ನ 1.8 ಎಲ್ಲವೂ ಇದ್ದ ಹಾಗೇ ವಾಪಸ್ ಬಂದವು. ಆಯಾ ಥೀಮಿನ ಸಾಮಾನನ್ನು ಆಯಾ ಥೀಮಿನ ಹೆಸರಿನಲ್ಲೇ ತೆಗೆದಿಟ್ಟಿರುತ್ತದೆ, ಪುಣ್ಯಕ್ಕೆ.

ಆದರೆ ಅಷ್ಟರಲ್ಲಿ ಅಧ್ಯಕ್ಷರು ಆ ಅಕಾರಾದಿ ಪಟ್ಟಿಯನ್ನು ನೋಡಿಬಿಟ್ಟಿದ್ದರು. "ಅದೇ ಇರ್ಲಿ ಬಿಡ್ರಿ. ಯಾರಿಗೂ ಬೇಜಾರಿಲ್ಲ, ನಿಷ್ಪಕ್ಷಪಾತ" ಅಂದರು. ಆಮೇಲೆ ನೋಡಿದರೆ ವಿಷಯ ಅದು: ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಸದಸ್ಯರು. ಕನ್ನಡ ವರ್ಣಮಾಲೆಯೇ ಪ್ರೋಟೋಕಾಲ್ ಪ್ರಕಾರ ಇದೆ! ಸರ್ವಾನುಮತದಿಂದ ಒಪ್ಪಿಗೆ ಆಯಿತು.

ಕಾರ್ಯದರ್ಶಿಗಳ ಮುಖ ಮಾತ್ರ ಇಳಿದಿತ್ತು. ಅವರ ತಲೆಯ ಮೇಲೆ ನೇರವಾಗಿ 'ಕಸದ ಗಾಡಿ' ಬಂದಿತ್ತು. ಆ ರಾತ್ರಿಯೇ ಅದು 'ತ್ಯಾಜ್ಯ ವಾಹನ' ಆಗಿ ಖಜಾಂಚಿ ಮೇಡಂ ಕೆಳಗೆ ಹೋಯಿತು. ಮರುದಿನ ಮೇಡಂ, ಜನ ನೀರಿನ ಸಮಯ ಹುಡುಕುತ್ತಾ ಕೆಳಗೆ ಹೋಗಬೇಕಲ್ಲ ಅಂತ ಅದನ್ನು 'ಅಗತ್ಯ ನೀರು' ಮಾಡಿದರು. ಅದು ಹೋಗಿ ಅಧ್ಯಕ್ಷರ ಮೇಲೆ ಕೂತಿತು. ಅವರು ಅದನ್ನು ಜೀರ್ಣಿಸಿಕೊಳ್ಳುವಷ್ಟರಲ್ಲಿ ಕೆಳಗೆಲ್ಲೋ ಇದ್ದ ಮಹಿಳಾ ಮಂಡಳಿಯವರು 'ಅಕ್ಕ ತಂಗಿಯರ ಬಳಗ' ಅಂತ ಹೆಸರು ಬದಲಿಸಿಕೊಂಡು ಎಲ್ಲರನ್ನೂ ದಾಟಿ ತುತ್ತತುದಿಗೆ ಹೋದರು.

ರಾತ್ರಿ ಅಧ್ಯಕ್ಷರ ಫೋನ್ ಬಂತು. ಬೈಲಾ ತೆಗೆದು ನೋಡುತ್ತಿದ್ದಾರಂತೆ.

"ಅಕ್ಕನಿಗಿಂತ ಮುಂಚೆ ಬರೋ ಹಾಗೆ ಯಾವುದಾದ್ರೂ ಹುದ್ದೆ ಇದ್ಯೇನ್ರೀ?"